ದಡದ ಮೇಲಿನ ಗಂಜಿ

ಓಡುವಾಗ ನನಗೆ ಯಾವತ್ತೂ ಹೊಟ್ಟೆ ನೋಯಲಿಲ್ಲ. ನೋವು ಬರುತ್ತಿದ್ದದ್ದು ಓಟ ಮುಗಿಸಿ ನಿಂತ ಮೇಲೆ. ಉಸಿರು ಹದಕ್ಕೆ ಬಂತು, ಇನ್ನು ಮನೆಗೆ ನಡೆಯೋಣ ಅನ್ನುವಷ್ಟರಲ್ಲಿ ಹೊಕ್ಕುಳಿನ ಸುತ್ತ ಹಿಂಡಲು ಶುರುವಾಗುತ್ತಿತ್ತು. ಒದ್ದೆ ಕಂಬಳಿಯನ್ನು ಇಬ್ಬರು ಎರಡು ತುದಿ ಹಿಡಿದು ತಿರುಚುತ್ತಾರಲ್ಲ, ಹಾಗೆ. ಬಾಯಲ್ಲಿ ಹುಳಿನೀರು ತುಂಬುತ್ತಿತ್ತು. ಮೊಣಕಾಲು ಹಿಡಿದು ಬಗ್ಗಿ, ಆಮೇಲೆ ಅದೂ ಆಗದೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಕೆಲವು ದಿನ ಕಾಲು ಗಂಟೆಗೆ ಬಿಡುತ್ತಿತ್ತು, ಕೆಲವು ದಿನ ಒಂದು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕೊಕ್ಕರೆಗಳು ಕೆಸರಿನಲ್ಲಿ ಏಡಿ ಹೆಕ್ಕುವುದನ್ನು ನೋಡುತ್ತ, ನನ್ನ ಹೊಟ್ಟೆಗೆ ನಾನೇ ಬೈಯುತ್ತ ಕೂರುವುದು.

ಈಗ ನಾನು ಕುಮಟಾದ ಒಂದು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತೇನೆ. ಹೊಟ್ಟೆ ಹಿಡಿದುಕೊಂಡು ಬಂದು ಗ್ಯಾಸಿನ ಮಾತ್ರೆ ಕೇಳುವವರಿಗೆ ಲೆಕ್ಕವಿಲ್ಲ. ಕೊಡುತ್ತೇನೆ. ಎಂತ ತಿಂದಿದ್ರಿ ಎಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎನ್ನುವುದು ನನಗೆ ಗೊತ್ತು.

ನಮ್ಮ ಮನೆ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಗಜನಿ ಗದ್ದೆಗಳ ಬದಿಯಲ್ಲಿದೆ. ಗಜನಿ ಎಂದರೆ ಉಪ್ಪುನೀರು ನುಗ್ಗುವ ಗದ್ದೆ. ನೀರು ತಡೆಯಲು ಉದ್ದಕ್ಕೆ ಮಣ್ಣಿನ ಕಟ್ಟೆ ಹಾಕಿದ್ದಾರೆ. ಆ ಕಟ್ಟೆಯೇ ನನ್ನ ಓಟದ ಮೈದಾನ. ಅಪ್ಪ ಭಟ್ಕಳ ಬಂದರಿನ ಬೋಟೊಂದರಲ್ಲಿ ಕೆಲಸಕ್ಕಿದ್ದ. ಹಬ್ಬಕ್ಕೂ ಮಳೆಗಾಲಕ್ಕೂ ಮಾತ್ರ ಮನೆಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು ಮತ್ತು ಅವ್ವಿ, ಅಂದರೆ ಅಮ್ಮ. ಅವ್ವಿ ನದಿಗಿಳಿದು ಬಳಚು ಹೆಕ್ಕುತ್ತಿದ್ದಳು. ನದಿಯ ಮರಳಿನಲ್ಲಿ ಹೂತಿರುವ ಚಿಪ್ಪುಗಳವು, ಒಳಗೆ ಚಿಟಿಕೆಯಷ್ಟು ಮಾಂಸ. ನೀರು ಇಳಿದಾಗ ಸೊಂಟಮಟ್ಟದಲ್ಲಿ ನಿಂತು, ಬಗ್ಗಿ, ಕಾಲಲ್ಲಿ ತಡವಿ ಕೈಯಲ್ಲಿ ಎತ್ತಬೇಕು. ಇಳಿತ ದಿನಾ ಒಂದಿಷ್ಟು ತಡವಾಗುತ್ತ ಹೋಗುತ್ತದೆ. ಆದ್ದರಿಂದ ಅವ್ವಿಗೆ ಗಡಿಯಾರದ ಹಂಗಿರಲಿಲ್ಲ. ಒಂದು ವಾರ ನಸುಕಿಗೇ ಹೊರಡುವಳು, ಮುಂದಿನ ವಾರ ಬಿಸಿಲೇರಿದ ಮೇಲೆ.

ನಾನು ಓಡುತ್ತಿದ್ದದ್ದು ಆರೋಗ್ಯಕ್ಕಲ್ಲ, ಹವ್ಯಾಸಕ್ಕಂತೂ ಅಲ್ಲವೇ ಅಲ್ಲ. ಅರಣ್ಯ ಇಲಾಖೆಯ ಗಾರ್ಡ್ ಕೆಲಸ ನನಗೆ ಬೇಕಾಗಿತ್ತು. ಬೇಕಾಗಿತ್ತು ಎಂದರೆ, ಅದೊಂದು ಸಿಕ್ಕರೆ ಅವ್ವಿಯನ್ನು ನದಿಯಿಂದ ಮೇಲೆ ಕರೆದುಬಿಡಬಹುದು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ದೈಹಿಕ ಪರೀಕ್ಷೆಯಲ್ಲಿ ಮೊದಲು ಓಟ. ಅದಾಗಿ ಅರ್ಧ ಗಂಟೆಯೊಳಗೆ ಉದ್ದಜಿಗಿತ, ಆಮೇಲೆ ಗುಂಡು ಎಸೆತ. ಎಲ್ಲವೂ ಒಂದೇ ಬೆಳಿಗ್ಗೆ. ಓಟದ ನಂತರ ಹಿಡಿದುಕೊಳ್ಳುವ ಹೊಟ್ಟೆ ಇದ್ದವಳಿಗೆ ಈ ಸಾಲು ಎಷ್ಟು ಚಂದ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸಲ ಹೋದಾಗ ಓಟದಲ್ಲಿ ನಾನು ಮುಂದಿದ್ದವರಲ್ಲಿ ಒಬ್ಬಳು. ಗೆರೆ ದಾಟಿ, ಬಾಟಲಿ ನೀರನ್ನು ಗಟಗಟ ಕುಡಿದು, ಮರದ ನೆರಳಿನಲ್ಲಿ ಬಿದ್ದುಕೊಂಡೆ. ಹೆಸರು ಕರೆಯುವ ಹೊತ್ತಿಗೆ ಏಳಲು ಆಗಲಿಲ್ಲ. ಹೇಗೋ ಎದ್ದು ಹೋದೆ. ಉದ್ದಜಿಗಿತಕ್ಕೆ ಮೂರು ಅವಕಾಶ. ಮೊದಲನೆಯದರಲ್ಲಿ ಹಲಗೆ ದಾಟಿ ಕಾಲಿಟ್ಟೆ. ಎರಡನೆಯದರಲ್ಲಿ ಅರ್ಧ ದಾರಿಯಲ್ಲೇ ನಿಂತೆ. ಮೂರನೆಯದರಲ್ಲಿ ಜಿಗಿದೆ, ಆದರೆ ಅದನ್ನು ಜಿಗಿತವೆಂದು ಯಾರೂ ಕರೆಯಲಾರರು. ಮರಳಿನಲ್ಲಿ ಮಡಚಿ ಬಿದ್ದವಳನ್ನು ಇಬ್ಬರು ಹುಡುಗಿಯರು ಎತ್ತಿದರು. ಅಳತೆ ಹಿಡಿದವರು ಟೇಪನ್ನು ಬಿಚ್ಚಲೂ ಇಲ್ಲ.

ಆಮೇಲೆ ಉಳಿದದ್ದು ಒಂದೇ ಸಲ. ಅದರ ಮುಂದಿನ ಕರೆ ಬರುವಷ್ಟರಲ್ಲಿ ನನ್ನ ವಯಸ್ಸು ಮಿತಿ ದಾಟುತ್ತಿತ್ತು.

ಹೊಟ್ಟೆನೋವಿಗೆ ಊರಲ್ಲಿ ಎಲ್ಲರ ಬಳಿಯೂ ಮದ್ದಿತ್ತು. ದೃಷ್ಟಿ ಎಂದರು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆವು. ಹೊಕ್ಕುಳು ಜಾರಿದೆ ಎಂದರು. ಅದಕ್ಕೆ ಹೊನ್ನಾವರದ ಆಚೆ, ಅಪ್ಸರಕೊಂಡದ ಹತ್ತಿರ ಒಬ್ಬ ಮುದುಕಿ ಇದ್ದಾಳೆ, ಕೂಡಿಸುತ್ತಾಳೆ ಎಂದು ಅವ್ವಿ ಕರೆದುಕೊಂಡು ಹೋದಳು. ಆ ಅಜ್ಜಿ ನನ್ನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಸಣ್ಣ ಬತ್ತಿ ಹಚ್ಚಿಟ್ಟು, ಅದರ ಮೇಲೆ ಚೊಂಬು ಬೋರಲು ಹಾಕಿದಳು. ಹೊಟ್ಟೆಯ ಚರ್ಮವೆಲ್ಲ ಚೊಂಬಿನೊಳಗೆ ಏರಿತು. ಅವ್ವಿ ಕೈಮುಗಿದು ಕೂತಿದ್ದಳು. ನನಗೆ ನಗು ಬಂತು, ನಕ್ಕರೆ ಚೊಂಬು ಕುಣಿಯಿತು, ಅಜ್ಜಿ ಬೈದಳು. ನಾಲ್ಕು ದಿನ ನೋವಿರಲಿಲ್ಲ. ನಾಲ್ಕು ದಿನ ಓಡಬಾರದು ಎಂದು ಅವಳೇ ಹೇಳಿದ್ದಳು, ಅದು ಬೇರೆ ಮಾತು. ಐದನೆಯ ದಿನ ಓಡಿದೆ, ಐದನೆಯ ದಿನ ಮತ್ತೆ ಕಟ್ಟೆಯ ಮೇಲೆ ಕೂತೆ. ಅವ್ವಿ ಇಡಗುಂಜಿ ಗಣಪತಿಗೆ ಹರಕೆ ಹೊತ್ತಳು.

ಕೊನೆಗೆ ಕುಮಟಾದ ಒಬ್ಬ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು. ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿ, ಏನೂ ಇಲ್ಲ ಎಂದರು. ಓಡುವುದಕ್ಕೆ ಎಷ್ಟು ಹೊತ್ತು ಮೊದಲು ಏನು ತಿನ್ನುತ್ತೀಯ ಎಂದು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅವ್ವಿ. ನನ್ನ ಮಗಳನ್ನು ಖಾಲಿ ಹೊಟ್ಟೆಯಲ್ಲಿ ನಾನು ಒಂದು ದಿನವೂ ಕಳಿಸಿಲ್ಲ, ದೊಡ್ಡ ಬಟ್ಟಲಿನ ತುಂಬ ಕಗ್ಗದ ಗಂಜಿ, ಮೇಲೊಂದು ಚಮಚ ತುಪ್ಪ, ಒಣ ಶೆಟ್ಲಿ ಮೀನಿನ ಚಟ್ನಿ, ಅದು ಮುಗಿಸಿಯೇ ಬಾಗಿಲು ದಾಟುವುದು ಎಂದು ಎದೆಯೆತ್ತಿ ಹೇಳಿದಳು.

ಕಗ್ಗ ಎಂದರೆ ನಮ್ಮ ಗಜನಿಯಲ್ಲಿ ಉಪ್ಪುನೀರು ಕುಡಿದೇ ಬೆಳೆಯುವ ಭತ್ತ. ಕೆಂಪು ಅಕ್ಕಿ, ದಪ್ಪ ಕಾಳು. ಬೆಳಿಗ್ಗೆ ಅದರ ಗಂಜಿ ಉಂಡವರು ಮಧ್ಯಾಹ್ನದ ತನಕ ಊಟದ ಸುದ್ದಿ ಎತ್ತುವುದಿಲ್ಲ. ಅದಕ್ಕೇ ಅದರ ಮೇಲೆ ನಮ್ಮವರಿಗೆ ಅಷ್ಟು ಅಭಿಮಾನ. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ಹೊಟ್ಟೆಗೆ ಅನ್ನ ಅರಗಿಸಲೂ ರಕ್ತ ಬೇಕು, ಓಡುವ ಕಾಲಿಗೂ ರಕ್ತ ಬೇಕು, ಇರುವುದು ಒಂದೇ ರಕ್ತ, ಗಂಜಿ ಕುಡಿದ ಅರ್ಧ ಗಂಟೆಗೆ ಓಡಿದರೆ ಹೊಟ್ಟೆ ಸುಮ್ಮನಿರುತ್ತದೆಯೇ ಎಂದರು. ಓಟಕ್ಕೆ ಎರಡು ತಾಸು ಮೊದಲು ಒಂದು ಬಾಳೆಹಣ್ಣು, ಬೇಕಾದರೆ ಸ್ವಲ್ಪ ಚಾ, ಅಷ್ಟೇ ಸಾಕು. ಓಟ ಮುಗಿದ ಕೂಡಲೇ ಕೂರಬಾರದು, ಮಲಗಬಾರದು. ಹತ್ತು ನಿಮಿಷ ನಡೆಯಬೇಕು. ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಚೀಟಿಯಲ್ಲಿ ಮಾತ್ರೆಯನ್ನೇ ಬರೆಯಲಿಲ್ಲ. ಅಲ್ಲಿಗೇ ಅವ್ವಿಗೆ ಅವರ ಮೇಲಿನ ವಿಶ್ವಾಸ ಹೋಯಿತು.

ಹೊರಗೆ ಬಂದವಳೇ, ಈ ಡಾಕ್ಟರು ಜನ್ಮದಲ್ಲಿ ಬಸ್ಸಿನ ಹಿಂದಾದರೂ ಓಡಿದ್ದಾರೋ ಇಲ್ಲವೋ ಎಂದಳು. ಖಾಲಿ ಹೊಟ್ಟೆಯಲ್ಲಿ ಓಡಿಸುವುದಂತೆ, ಎತ್ತನ್ನಾದರೂ ಹಾಗೆ ಹೂಡುತ್ತಾರೆಯೇ ಎಂದಳು. ಮರುದಿನ ಬಟ್ಟಲಿನಲ್ಲಿ ಗಂಜಿ ಒಂದು ಸೌಟು ಹೆಚ್ಚೇ ಇತ್ತು.

ನಾನೇಕೆ ಉಂಡೆ ಎಂದು ಕೇಳಬಹುದು. ಇಪ್ಪತ್ತೈದು ದಾಟಿದ ಹೆಂಗಸು, ಬಟ್ಟಲು ಸರಿಸಿ ಬೇಡ ಎಂದರೆ ಮುಗಿಯಿತು. ಹೌದು, ಮುಗಿಯಿತು. ಆದರೆ ನಸುಕಿನಲ್ಲಿ ಕಣ್ಣು ಬಿಡುವ ಹೊತ್ತಿಗೆ ಒಲೆಯ ಮುಂದೆ ಅವ್ವಿಯ ಬೆನ್ನು ಕಾಣುತ್ತಿತ್ತು. ಹಿಂದಿನ ದಿನ ನೀರಿನಲ್ಲಿ ನಿಂತು ಬಿಳಿಚಿದ ಕಾಲು, ಚಿಪ್ಪು ಕೊಯ್ದ ಬೆರಳು. ಆ ಬೆರಳಲ್ಲಿ ಬಟ್ಟಲು ಮುಂದಿಟ್ಟು, ಎದುರು ಕೂತು, ನಾನು ಪ್ರತಿ ತುತ್ತು ನುಂಗುವುದನ್ನು ನೋಡುತ್ತಿದ್ದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಉಣ್ಣುತ್ತಿದ್ದೆ, ಓಡುತ್ತಿದ್ದೆ, ಕಟ್ಟೆಯ ಮೇಲೆ ಕೂತು ನರಳುತ್ತಿದ್ದೆ, ಮನೆಗೆ ಬಂದು ಇವತ್ತು ಅಡ್ಡಿಲ್ಲ ಎನ್ನುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡನ್ನೂ ಬಲ್ಲವರಿರಲಿಲ್ಲ.

ನಸುಕಿನ ಇಳಿತದ ವಾರಗಳಲ್ಲಿ ಅವ್ವಿ ನನಗಿಂತ ಮೊದಲೇ ಹೊರಡುತ್ತಿದ್ದಳು. ಗಂಜಿ ಮುಚ್ಚಿಟ್ಟಿರುತ್ತಿತ್ತು. ಅಂಥ ದಿನಗಳಲ್ಲಿ ನಾನು ಅದನ್ನು ಹಿತ್ತಲ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆ. ಸುರಿದ ದಿನ ಹೊಟ್ಟೆ ಹಿಡಿಯುತ್ತಿರಲಿಲ್ಲ. ಒಂದು ಸಲ ಆಕಸ್ಮಿಕ ಅಂದುಕೊಂಡೆ, ಎರಡನೆಯ ಸಲವೂ ಅಂದುಕೊಂಡೆ, ಮೂರನೆಯ ಸಲ ಅಂದುಕೊಳ್ಳಲು ನಾಚಿಕೆಯಾಯಿತು. ಅನ್ನ ಚೆಲ್ಲುವ ಪಾಪವೊಂದು ಕಡೆ, ಓಡಿ ಬಂದು ನೆಟ್ಟಗೆ ನಿಲ್ಲಬಲ್ಲೆ ಎನ್ನುವ ಸುಖ ಇನ್ನೊಂದು ಕಡೆ. ಕಾಗೆಗಳು ಮಾತ್ರ ಬಾಯಿಮುಚ್ಚಿಕೊಂಡು ಉಣ್ಣಲಿಲ್ಲ. ಊರಿನ ಕಾಗೆಯೆಲ್ಲ ನಮ್ಮ ತೆಂಗಿನ ಕೆಳಗೆ ಸೇರಿ ಶ್ರಾದ್ಧದೂಟದಂತೆ ಗದ್ದಲ ಮಾಡಿದವು. ಅವ್ವಿ ನೋಡಿದಳು. ಬುಡದಲ್ಲಿ ಒಣಗಿದ ಕೆಂಪು ಅಗುಳನ್ನೂ ನೋಡಿದಳು. ಮರುದಿನದಿಂದ ನದಿಗೆ ಹೋಗುವ ಮೊದಲು, ಎಷ್ಟು ನಸುಕಾಗಿದ್ದರೂ, ನನ್ನನ್ನು ಎಬ್ಬಿಸಿ ಉಣಿಸಿಯೇ ಹೋದಳು.

ಆ ದಿನಗಳ ದಣಿವು ಈಗಲೂ ಮೈಯಲ್ಲಿದೆ. ಓಟದ ದಣಿವಲ್ಲ. ಓಟದ ದಣಿವು ನಿದ್ದೆಗೆ ಹೋಗುತ್ತದೆ. ಇದು ದಿನಾ ಬೆಳಿಗ್ಗೆ ಎದ್ದು, ನನಗೆ ಒಳ್ಳೆಯದಾಗಲಿ ಎಂದೇ ಬೇಯಿಸಿದ ಅನ್ನ ನನ್ನನ್ನೇ ಕೆಡಿಸುತ್ತಿದೆ ಎಂದು ಗೊತ್ತಿದ್ದೂ ಉಣ್ಣುವ ದಣಿವು. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು.

ಒಂದು ದಿನ ಬೆಳಿಗ್ಗೆ ಅವ್ವಿಗೆ ಸೊಂಟ ಹಿಡಿದಿತ್ತು. ಹೋಗಬೇಡ ಎಂದರೆ ಕೇಳುವವಳಲ್ಲ. ಬುಟ್ಟಿ ಹೊರಲು ನಾನೂ ಬರುತ್ತೇನೆ, ಇವತ್ತು ಓಟ ಬೇಡ ಎಂದು ಜೊತೆಗೆ ಹೋದೆ. ನೆರೆಯ ಹೆಂಗಸರು ಏಳೆಂಟು ಜನ ದಡದಲ್ಲಿ ಸೇರಿದ್ದರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ನಡುವಿಗೆ ಹಳೆಯ ಪಂಚೆಯ ತುಂಡನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು. ಪ್ರತಿಯೊಬ್ಬರೂ ತಂದ ಸ್ಟೀಲಿನ ಡಬ್ಬಿ, ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ನೆರಳಿನಲ್ಲಿ ಸಾಲಾಗಿ ಕೂತಿತ್ತು. ಡಬ್ಬಿಗಳಲ್ಲಿ ಗಂಜಿ. ನೀರಿಗೆ ಇಳಿಯುವ ಮೊದಲು ಒಬ್ಬಳೂ ಮುಚ್ಚಳ ತೆಗೆಯಲಿಲ್ಲ. ಹಾಲಿಲ್ಲದ ಬೆಲ್ಲದ ಚಾ ಎರಡೆರಡು ಗುಟುಕು ಕುಡಿದು ಇಳಿದೇಬಿಟ್ಟರು. ಅವ್ವಿಯೂ.

ನಾನು ಪಕ್ಕದ ಮನೆಯ ದೊಡ್ಡಮ್ಮನನ್ನು ಕೇಳಿದೆ, ಉಂಡು ಇಳಿಯುವುದಿಲ್ಲವೇ ಎಂದು. ಅವಳು ನನ್ನನ್ನು ನೋಡಿದ ರೀತಿಯಲ್ಲೇ ನಾನು ದಡ್ಡಿ ಎಂದು ಗೊತ್ತಾಯಿತು.

"ಉಂಡ್ಕಂಡ್ ಬಗ್ಗೂಕೆ ಆತದ್ಯಾ ಮಗಾ? ಹೊಟ್ಟೆ ಹಿಡ್ಕಂತದೆ. ನದಿ ಮುಗ್ಸಿ ಬಂದ್ಮೇಲೇ ಗಂಜಿ. ನಿನ್ನವ್ವೀನೇ ನಂಗೆ ಕಲ್ಸಿದ್ದು."

ನಾನು ಬುಟ್ಟಿ ಹಿಡಿದು ನಿಂತೇ ಇದ್ದೆ. ಇಳಿತ ಮುಗಿದು ನೀರು ತಿರುಗುವವರೆಗೆ, ಮೂರು ತಾಸು, ಅವರು ಬಗ್ಗಿದವರು ಬಗ್ಗಿಯೇ ಇದ್ದರು. ಒಬ್ಬೊಬ್ಬರಾಗಿ ಮೇಲೆ ಬಂದು, ಡಬ್ಬಿಯ ಹತ್ತಿರ ಕೂತು, ಸೆರಗು ಹಿಂಡಿಕೊಂಡು ಕಾದರು. ಕೊನೆಯವಳು ಇನ್ನೂ ನೀರಿನಲ್ಲಿದ್ದಳು. ಅವಳು ಬರುವವರೆಗೆ ಯಾರೂ ಮುಚ್ಚಳ ಮುಟ್ಟಲಿಲ್ಲ. ಅದೂ ಒಂದು ಪದ್ಧತಿ. ನೀರಿನಲ್ಲಿ ಒಬ್ಬಳು ಉಳಿದಿರುವಾಗ ದಡದಲ್ಲಿ ಉಣ್ಣುವುದಿಲ್ಲ. ಅಂದಿನ ಕೊನೆಯವಳು ಅವ್ವಿಯೇ ಆಗಿದ್ದಳು. ಸೊಂಟ ಹಿಡಿದಿತ್ತಲ್ಲ, ನಿಧಾನವಾಯಿತು.

ಮನೆಗೆ ಬರುವ ದಾರಿಯಲ್ಲಿ ನನ್ನ ಸಿಟ್ಟು ಒಡೆಯಿತು. ನಾನು ಸಿಟ್ಟಿನ ಹೆಂಗಸು, ಅದನ್ನು ಮುಚ್ಚಿಡುವುದಿಲ್ಲ. ಡಾಕ್ಟರು ಹೇಳಿದ್ದೂ ಇದನ್ನೇ ಅಲ್ಲವೇ, ನಿನಗೆ ಮೊದಲೇ ಗೊತ್ತಿತ್ತು, ಊರಿನ ಹೆಂಗಸರಿಗೆ ಕಲಿಸುತ್ತೀಯ, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ಬಟ್ಟಲು ತುಂಬ ಬಡಿಸಿ ಓಡಲು ಕಳಿಸುತ್ತೀಯ, ಮರಳಿನಲ್ಲಿ ಮಡಚಿ ಬಿದ್ದದ್ದು ನಾನು, ನೀನಲ್ಲ ಎಂದೆಲ್ಲ ಕೂಗಾಡಿದೆ. ಬುಟ್ಟಿಯ ನೀರು ನನ್ನ ಬೆನ್ನಿನ ಮೇಲೆ ಸೋರುತ್ತಿತ್ತು. ಅವ್ವಿ ಕಟ್ಟೆಯ ಮೇಲೆ, ನಾನು ದಿನಾ ನರಳುತ್ತ ಕೂರುವ ಜಾಗದಲ್ಲೇ ಕೂತಳು.

ಆಮೇಲೆ ಅವಳು ಹೇಳಿದ್ದು ನಾನು ಐದನೇ ಇಯತ್ತೆಯಲ್ಲಿದ್ದಾಗಿನ ಒಂದು ದಿನದ ಮಾತು. ಶಾಲೆಯಲ್ಲಿ ಓಟದ ಸ್ಪರ್ಧೆಯಿತ್ತು. ನನಗೂ ಆ ದಿನ ನೆನಪಿದೆ, ಆದರೆ ಬೇರೆ ಥರ. ಓಡುತ್ತ ಬಿದ್ದೆ, ಕಣ್ಣು ಕತ್ತಲೆಯಾಯಿತು, ಎಚ್ಚರವಾದಾಗ ಹೆಡ್ ಮಾಸ್ತರರ ಕುರ್ಚಿಯಲ್ಲಿದ್ದೆ, ಗ್ಲುಕೋಸ್ ನೀರು ಕೊಟ್ಟರು, ಒಂದು ಪೊಟ್ಟಣ ಬಿಸ್ಕಿಟು ಪೂರ್ತಿ ನನಗೇ ಕೊಟ್ಟರು. ಅಷ್ಟು ಮರ್ಯಾದೆ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ. ಆ ದಿನವನ್ನು ನಾನು ಖುಷಿಯ ದಿನಗಳ ಜೊತೆ ಎತ್ತಿಟ್ಟುಕೊಂಡಿದ್ದೆ.

ಅವ್ವಿ ಹೇಳಿದ್ದು ಇದು. ಅವತ್ತು ನಸುಕಿನ ಇಳಿತ. ಮನೆಯಲ್ಲಿ ಅಕ್ಕಿ ಇರಲಿಲ್ಲ. ಬಳಚು ಮಾರಿ ಬರುವಾಗ ತರೋಣ ಎಂದು ಒಲೆ ಹಚ್ಚದೆ ನದಿಗೆ ಹೋದಳು. ನಾನು ಏನೂ ತಿನ್ನದೆ ಶಾಲೆಗೆ ಹೋದೆ. ನಾನು ಬಿದ್ದ ಕೂಡಲೇ ಅವಳನ್ನು ನದಿಯಿಂದಲೇ ಕರೆಸಿದರು. ಒದ್ದೆ ಸೀರೆಯಲ್ಲೇ ಶಾಲೆಯ ಅಂಗಳದಲ್ಲಿ ನಿಂತಳು.

"ಬೆಳಿಗ್ಗೆ ಹುಡ್ಗಿಗೆ ಎಂತ ಕೊಟ್ಟು ಕಳ್ಸಿದ್ದೆ ಅಂತ ಮಾಸ್ತರು ಕೇಳಿದ್ರು. ಎಲ್ಲರ ಮುಂದೆ. ನಾ ಎಂತ ಹೇಳೂದು?" ಎಂದಳು ಅವ್ವಿ. ಒದ್ದೆ ಸೆರಗು ಹಿಂಡಿಕೊಳ್ಳುತ್ತ, "ನನ್ನ ಹೊಟ್ಟೆ ಖಾಲಿ ಇದ್ರೆ ಅಡ್ಡಿಲ್ಲ. ನೀ ಓಡೂದು ಕಂಡ್ರೆ ನಂಗೆ ಅದೇ ಕಾಣ್ತದೆ" ಎಂದಳು.

ನನ್ನ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಡಾಕ್ಟರು ಸಹಜವಾಗಿ ಕೇಳಿದ ಮಾತಿಗೆ ಅವಳೇಕೆ ಹಾಗೆ ಎದೆಯೆತ್ತಿ ಉತ್ತರ ಕೊಟ್ಟಳು ಎನ್ನುವುದು ಆಗ ಹೊಳೆಯಿತು. ಹದಿನೈದು ವರ್ಷದಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಉತ್ತರ ಅದು. ಆ ಮಾಸ್ತರರಿಗೆ ಕೊಡಬೇಕಾಗಿದ್ದದ್ದನ್ನು ಈ ಡಾಕ್ಟರಿಗೆ ಕೊಟ್ಟಿದ್ದಳು. ನಾನೂ ಬುಟ್ಟಿ ಇಳಿಸಿ ಅವಳ ಪಕ್ಕ ಕೂತೆ. ಬಳಚು ಬಿಸಿಲಿಗೆ ಬಾಯಿ ಬಿಡುತ್ತವೆ, ಏಳು ಎಂದು ಕೊನೆಗೆ ಅವಳೇ ಹೇಳಿದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಬೆಳಿಗ್ಗೆಯೂ ಬಟ್ಟಲು ಬಂತು. ನಾನು ಮುಟ್ಟಲಿಲ್ಲ, ಸುರಿಯಲೂ ಇಲ್ಲ. ಬಾಳೆಹಣ್ಣು ತಿಂದು ಹೊರಟೆ. ಅವ್ವಿ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ನೋಡಿದರೆ ಕಾಲು ಏಳುವುದಿಲ್ಲ ಎಂದು ನೋಡದೆ ಓಡಿದೆ. ವಾಪಸು ಬಂದಾಗ ಗಂಜಿ ತಣ್ಣಗಾಗಿ ಕೆನೆಕಟ್ಟಿತ್ತು. ಅವ್ವಿ ಮುಖ ಊದಿಸಿಕೊಂಡಿದ್ದಳು. ಒಂದು ವಾರ ಹೀಗೇ. ಇಬ್ಬರೂ ಸೋತವರ ಹಾಗೆ ಓಡಾಡಿದೆವು. ನನಗೆ ಹೊಟ್ಟೆ ಹಿಡಿಯುವುದು ಕಡಿಮೆಯಾಗುತ್ತ ಬಂತು. ಪೂರ್ತಿ ನಿಲ್ಲಲಿಲ್ಲ. ಜೋರು ಓಡಿದ ದಿನ, ಸೆಕೆ ಹೆಚ್ಚಿದ್ದ ದಿನ ಸ್ವಲ್ಪ ಹಿಂಡುತ್ತಿತ್ತು. ಕೂರದೆ ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಬಾಟಲಿಯನ್ನು ಒಂದೇ ಸಲ ಎತ್ತಿ ಸುರಿದುಕೊಳ್ಳುವ ಚಟ ಬಿಡಲು ಬಹಳ ಕಷ್ಟಪಟ್ಟೆ. ಬಾಯಾರಿದವಳಿಗೆ ಗುಟುಕು ಗುಟುಕು ಕುಡಿ ಎನ್ನುವುದು ಒಂದು ಶಿಕ್ಷೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಓಟ ಮುಗಿಸಿ ನಡೆಯುತ್ತಿದ್ದೆ. ಕಟ್ಟೆಯ ಆ ತುದಿಯಲ್ಲಿ ಕಾಂಡ್ಲಾ ಗಿಡದ ಕೆಳಗೆ ಒಂದು ಸ್ಟೀಲಿನ ಡಬ್ಬಿ ಇತ್ತು. ಪಕ್ಕದಲ್ಲಿ ಅವ್ವಿ ಸೆರಗು ಹೊದ್ದು ಕೂತಿದ್ದಳು. ನಾನು ಹತ್ತಿರ ಹೋದ ಮೇಲೂ ಅವಳು ಅದನ್ನು ಮುಂದೆ ತಳ್ಳಲಿಲ್ಲ.

"ನೀ ನದಿಗೆ ಇಳ್ದೆ ಅಂತ ತಿಳ್ಕಂಡೆ. ದಡದಾಗೆ ಇಟ್ಕಂಡು ಕೂತ್ರಾತು" ಎಂದಳು.

ಅಲ್ಲಿಂದ ಮುಂದೆ, ಇಳಿತ ಬಿಟ್ಟುಕೊಟ್ಟ ದಿನಗಳಲ್ಲೆಲ್ಲ, ಆ ಡಬ್ಬಿ ಕಟ್ಟೆಯ ತುದಿಗೆ ಬಂತು. ನಡೆದು ಮುಗಿಸಿ, ಹೊಟ್ಟೆ ಒಪ್ಪಿದ ಮೇಲೆ ಅರ್ಧ ಉಣ್ಣುತ್ತಿದ್ದೆ. ಓಡಿದ ಕೂಡಲೇ ನನಗೆ ಹಸಿವೇ ಆಗುತ್ತಿರಲಿಲ್ಲ. ಅವಳ ಮುಖ ನೋಡಿ ಉಣ್ಣುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು ಎಂದು ಕಾಣುತ್ತದೆ.

ಎರಡನೆಯ ಸಲದ ಪರೀಕ್ಷೆ ಹೊನ್ನಾವರದ ಮೈದಾನದಲ್ಲಿ ನಡೆಯಿತು. ಅದರ ಕೊನೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಆಸೆ ಹುಟ್ಟಿಸಿ ಓದಿಸುವುದು ನನಗೆ ಇಷ್ಟವಿಲ್ಲ. ತಿಂಗಳುಗಳ ನಂತರ ಆಯ್ಕೆಯಾದವರ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಓದಿನ ಅಂಕ ಸಾಲಲಿಲ್ಲ. ಅದು ಹೊಟ್ಟೆಯ ತಪ್ಪಲ್ಲ. ಅಷ್ಟೊಂದು ಓಡಿ, ನರಳಿ, ಜಗಳಾಡಿ, ಕೊನೆಗೆ ಎಂದೋ ಬರೆದ ಪಿಯುಸಿ ಪರೀಕ್ಷೆಯ ಅಂಕದಲ್ಲಿ ಎಡವಿದೆ. ಪಟ್ಟಿಯನ್ನು ಮೊಬೈಲಿನಲ್ಲಿ ಮೇಲೆ ಕೆಳಗೆ ಮಾಡಿ ನೋಡಿದೆ, ಇನ್ನೊಮ್ಮೆ ನೋಡಿದೆ, ಮೊಬೈಲು ಕೆಳಗಿಟ್ಟು ಮಲಗಿದೆ. ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕು. ಅವ್ವಿ ಈಗಲೂ ನದಿಗಿಳಿಯುತ್ತಾಳೆ, ಮೊದಲಿನಷ್ಟು ಹೊತ್ತು ನಿಲ್ಲಲಾರಳು. ನಾನು ಭಾನುವಾರ ಮಾತ್ರ ಕಟ್ಟೆಯ ಮೇಲೆ ಓಡುತ್ತೇನೆ. ಜೋರು ಓಡಿದರೆ ಈಗಲೂ ಒಂದೊಂದು ಸಲ ಹೊಟ್ಟೆ ಹಿಂಡುತ್ತದೆ. ಅದು ನನ್ನ ಜೊತೆಗೇ ಬಂದದ್ದು, ಜೊತೆಗೇ ಹೋಗುತ್ತದೆ.

ಆದರೆ ನಾನು ಹೇಳಬೇಕೆಂದದ್ದು ಹೊನ್ನಾವರದ ಆ ದಿನವನ್ನು.

ಅವ್ವಿ ತಾನೂ ಬರುತ್ತೇನೆ ಎಂದಳು. ಮೊದಲ ಬಸ್ಸಿಗೆ ಕುಮಟಾಕ್ಕೆ, ಅಲ್ಲಿಂದ ಹೊನ್ನಾವರಕ್ಕೆ. ಅವಳ ತೊಡೆಯ ಮೇಲೆ ಕೈಚೀಲ, ಚೀಲದಲ್ಲಿ ಬಟ್ಟೆ ಸುತ್ತಿದ ಡಬ್ಬಿ. ನಾನು ಮನೆಯಲ್ಲೇ ಬಾಳೆಹಣ್ಣು ತಿಂದು ಚಾ ಕುಡಿದಿದ್ದೆ. ಬಸ್ಸಿನಲ್ಲಿ ಅವಳು ಒಂದು ಸಲವೂ ಊಟದ ಮಾತೆತ್ತಲಿಲ್ಲ. ಎಷ್ಟು ಕಷ್ಟಪಟ್ಟು ಎತ್ತಲಿಲ್ಲ ಎನ್ನುವುದು ಡಬ್ಬಿ ಹಿಡಿದ ಬೆರಳುಗಳಲ್ಲಿ ಕಾಣುತ್ತಿತ್ತು. ಜೊತೆಗೆ ಬಂದವರನ್ನು ಮೈದಾನದ ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ, ಕಂಪೌಂಡಿನ ಬದಿಗೆ ಮಕ್ಕಳ ಜೊತೆ ಬಂದ ಅಪ್ಪ ಅಮ್ಮಂದಿರು ಚಪ್ಪಲಿ ಬಿಟ್ಟು ಕೂತಿದ್ದರು. ಅವ್ವಿಯೂ ಅವರ ಸಾಲಿಗೆ ಸೇರಿದಳು.

ಹೆಸರು ಬರೆಸುವುದು, ಎತ್ತರ ಅಳೆಯುವುದು, ಸಾಲಿನಲ್ಲಿ ನಿಲ್ಲುವುದು, ಇವೇ ಬಿಸಿಲೇರುವ ತನಕ ನಡೆದವು. ಕೊನೆಗೆ ಓಟ. ಗೆರೆ ದಾಟಿದ ಮೇಲೆ ಉಳಿದವರು ನೆಲಕ್ಕೆ ಬಿದ್ದರು. ನಾನು ನಡೆದೆ. ಬೀಳಬೇಕು ಎಂದು ಮೈಯೆಲ್ಲ ಬೇಡುತ್ತಿತ್ತು. ಬೇಲಿಯ ಉದ್ದಕ್ಕೆ ಹೋಗಿ ಬಂದೆ, ಒಂದು ಗುಟುಕು ನೀರು, ಮತ್ತೆ ಹೋಗಿ ಬಂದೆ. ಹೊಕ್ಕುಳ ಹತ್ತಿರ ಒಮ್ಮೆ ಹಿಡಿದ ಹಾಗಾಯಿತು. ಅಲ್ಲೇ ಕೈಯಿಟ್ಟುಕೊಂಡು ನಡೆದೆ. ಬಿಟ್ಟಿತು. ಹೆಸರು ಕೂಗಿದರು. ಮೊದಲ ಜಿಗಿತದಲ್ಲೇ ಬೇಕಾದ ಗುರುತು ದಾಟಿ ಮರಳಿನಲ್ಲಿ ಬಿದ್ದೆ. ಬಿದ್ದವಳು ನಾನೇ ಎದ್ದೆ. ಈ ಸಲ ಟೇಪು ಬಿಚ್ಚಿದರು, ಅಳೆದರು, ಬರೆದುಕೊಂಡರು. ಗುಂಡು ಎಸೆತವೂ ಆಯಿತು. ಅಷ್ಟೂ ಮುಗಿದು ಗೇಟಿನ ಹೊರಗೆ ಬಂದಾಗ ಮಧ್ಯಾಹ್ನ ದಾಟಿತ್ತು.

ನೆರಳು ಸರಿದು ಹೋಗಿತ್ತು. ಅವ್ವಿ ಬಿಸಿಲಲ್ಲೇ ಸೆರಗು ತಲೆಗೆ ಹಾಕಿ ಕೂತಿದ್ದಳು. ಅವಳ ಸಾಲಿನವರೆಲ್ಲ ಎದುರಿನ ಕ್ಯಾಂಟೀನಿನಿಂದ ಇಡ್ಲಿ, ಚಾ ತರಿಸಿಕೊಂಡು ತಿಂದಿದ್ದರು. ಎಲೆ, ಕಾಗದದ ಲೋಟ ಬಿದ್ದಿದ್ದವು. ಪಕ್ಕದಲ್ಲಿ ಕೂತಿದ್ದ ಭಟ್ಕಳದ ಒಬ್ಬರು ಹೆಂಗಸು ನನ್ನನ್ನು ಕಂಡು, ನಿಮ್ಮ ಅಮ್ಮ ಬೆಳಿಗ್ಗೆಯಿಂದ ನೀರು ಸಹ ಕುಡಿದಿಲ್ಲ, ಚಾ ತಂದುಕೊಟ್ಟರೂ ಬೇಡ ಎಂದರು, ಉಪವಾಸವೋ ಎಂದು ಕೇಳಿದರು.

ಉಪವಾಸವಲ್ಲ ಎನ್ನುವುದು ನನಗೆ ಗೊತ್ತಿತ್ತು. ನಾನಿನ್ನೂ ನೀರಿನಲ್ಲಿದ್ದೆ.

ಅವಳು ಓಟ ಹೇಗಾಯಿತು ಎಂದು ಕೇಳಲಿಲ್ಲ, ಜಿಗಿದೆಯೋ ಇಲ್ಲವೋ ಎಂದೂ ಕೇಳಲಿಲ್ಲ. ನನ್ನ ಕೈ ಹೊಟ್ಟೆಯ ಮೇಲಿದೆಯೋ ಎಂದು ಮಾತ್ರ ನೋಡಿದಳು. ಕೈ ಅಲ್ಲಿರಲಿಲ್ಲ. ಆಮೇಲೆ ಅವಳು ಕೇಳಿದ ಮಾತನ್ನು ಇಷ್ಟು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಕೇಳಿದ್ದಿಲ್ಲ. ಕೇಳುವ ಮೊದಲೇ ಬಡಿಸುತ್ತಿದ್ದಳು.

"ಹಸಿವಾತಾ?" ಎಂದಳು.

ಹೊಟ್ಟೆಯಲ್ಲಿ ನೋವಿರಲಿಲ್ಲ. ನೋವಿನ ಜಾಗದಲ್ಲಿ ಬೇರೇನೋ ಇತ್ತು, ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಸಿವಾತು ಅವ್ವಿ" ಎಂದೆ.

ಅವಳು ಬಟ್ಟೆಯ ಗಂಟು ಬಿಚ್ಚಿ ಮುಚ್ಚಳ ತೆಗೆದಳು. ಮೊದಲ ತುತ್ತು ನನಗೆ ಕೊಟ್ಟು, ಎರಡನೆಯದನ್ನು ತಾನು ಉಂಡಳು.